ನೆರೆಯವನ ಮೇಲಿನ ಗುಮಾನಿ ಎಲ್ಲಿಂದ ಬಂತು?

ಉತ್ತರ ಕನ್ನಡದ ಇತಿಹಾಸ ಅಂದ್ರೆ ಬನವಾಸಿಯ ಕದಂಬರು, ಸೋದೆಯ ಅರಸರು, ಕಾರವಾರದ ಬಂದರು. ಯಾವ ಅರಸ ಯಾವಾಗ ಬಂದ, ಯಾವಾಗ ಹೋದ ಅನ್ನೋದನ್ನ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ದಾಂಡೇಲಿಯ ಓಣಿಯಲ್ಲಿ, ಜೋಯಿಡಾದ ಪುನರ್ವಸತಿ ಕಾಲೊನಿಯಲ್ಲಿ, ಹಳಿಯಾಳದ ಕಾಡಂಚಿನ ಕೇರಿಯಲ್ಲಿ, ಮುಂಡಗೋಡದ ಕ್ಯಾಂಪಿನ ಬೇಲಿಯ ಆಚೆ ಈಚೆ ಇರುವ ಮಂದಿ ಒಬ್ಬರಿಗೊಬ್ಬರು ನೆರೆಹೊರೆ ಆದದ್ದು ಹೇಗೆ ಅನ್ನುವುದು ಯಾವ ಪಾಠದಲ್ಲೂ ಇಲ್ಲ. ಒಂದೇ ನಲ್ಲಿಯ ನೀರು ಕುಡಿಯುವ ಇವರು ಒಬ್ಬರನ್ನೊಬ್ಬರು ಯಾಕೆ ನಂಬುವುದಿಲ್ಲ? ಇದೂ ಇತಿಹಾಸದ ಪ್ರಶ್ನೆಯೇ.

ಈ ನಾಲ್ಕು ತಾಲೂಕುಗಳ ಹೊಸ ಓಣಿಗಳಲ್ಲಿ ಹೆಚ್ಚಿನವರು ತಮ್ಮ ನೆರೆಯವರನ್ನು ತಾವೇ ಆರಿಸಿಕೊಂಡವರಲ್ಲ. ಮೂವತ್ತು ವರ್ಷಗಳ ಒಳಗೆ ಒಂದು ಗಿರಣಿ, ಒಂದು ನಿರಾಶ್ರಿತರ ಶಿಬಿರ, ಒಂದು ಅಣೆಕಟ್ಟು ಇವರನ್ನು ತಂದು ಪಕ್ಕಪಕ್ಕ ಕೂರಿಸಿದವು. ಕೂರಿಸುವಾಗ ಒಬ್ಬೊಬ್ಬರ ಕೈಗೆ ಒಂದೊಂದು ಬಗೆಯ ಕಾಗದ ಕೊಟ್ಟವು. ಕೆಲವರಿಗೆ ಏನೂ ಕೊಡಲಿಲ್ಲ. ಗುಮಾನಿ ಹುಟ್ಟಿದ್ದು ಅಲ್ಲಿ.

ಮೊದಲು ದಾಂಡೇಲಿಯನ್ನೇ ನೋಡೋಣ. ಅದು ಮರದ ಡಿಪೋಗಳ ಊರಾಗಿತ್ತು. ಅಳ್ನಾವರದಿಂದ ರೈಲುಹಳಿ ಬಂದದ್ದೂ ಮರ ಸಾಗಿಸಲಿಕ್ಕೆ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿತು. 1959ರಲ್ಲಿ ಕಾಳಿ ನದಿಯ ದಂಡೆಯ ಮೇಲೆ ಕಾಗದ ತಯಾರಾಗತೊಡಗಿತು. ಬಯಲುಸೀಮೆಯ ಕನ್ನಡದವರು, ಮರಾಠಿಯವರು, ಕೊಂಕಣಿಯವರು, ತೆಲುಗಿನವರು, ಮಲಯಾಳದವರು, ಉರ್ದು ಮಾತಾಡುವವರು ಹೊಟ್ಟೆಪಾಡಿಗೆ ಬಂದು ಸೇರಿದರು. ಇಷ್ಟು ಭಾಷೆ ಒಂದೇ ಓಣಿಯಲ್ಲಿ ಸೇರಿದ್ದು ದೊಡ್ಡ ಸಂಗತಿಯೇ. ಪಕ್ಕದ ಮನೆಯ ಮಾತನ್ನು ಮಕ್ಕಳು ಆಡ್ತಾ ಆಡ್ತಾ ಕಲಿತರು.

ಆದರೆ ಗಿರಣಿ ಊರಿನ ರೀತಿಯೇ ಬೇರೆ. ಅಲ್ಲಿ ಮನುಷ್ಯನ ಬೆಲೆ ಅವನ ಕೈಯ ಪಾಸು ನೋಡಿ ಕಟ್ಟುತ್ತಾರೆ. ಕಾಯಂ ಕಾರ್ಮಿಕನಿಗೆ ಒಂದು ಬದುಕು, ಗುತ್ತಿಗೆಯವನಿಗೆ ಇನ್ನೊಂದು. ಒಬ್ಬನ ಮಗನಿಗೆ ಕೆಲಸ ಸಿಕ್ಕರೆ, "ಯಾರ ಕೈ ಬಿಸಿ ಮಾಡಿದ್ನೋ" ಅಂತ ಪಕ್ಕದ ಮನೆಯಲ್ಲಿ ಗುಸುಗುಸು. ಮುಷ್ಕರದ ಕಾಲ ಬಂದರೆ, ಯಾರು ಯಾರ ಮಾತನ್ನು ಆಫೀಸಿಗೆ ಮುಟ್ಟಿಸುತ್ತಾನೆ ಅನ್ನೋ ಅಂಜಿಕೆ. ಮಾಲೀಕನಿಗೆ ಕಾವಲುಗಾರ ಬೇಕಿಲ್ಲ. ನೆರೆಯವನ ಮೇಲಿನ ಈ ಅಂಜಿಕೆಯೇ ಕಾವಲು ಕಾಯುತ್ತದೆ.

ಗಿರಣಿಯ ಗೇಟಿನ ಹೊರಗೂ ಇದೇ ಕಥೆ. ಈ ಕಾಡಿನ ಬಿದಿರು ಗಿರಣಿಗೆ ನಾಮಮಾತ್ರದ ದರಕ್ಕೆ ಹೋಯಿತು ಅಂತ ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಬರೆದಿದ್ದಾರೆ. ಬುಟ್ಟಿ, ಮೊರ ಹೆಣೆಯುವವರು ಪೇಟೆಯ ಬೆಲೆ ತೆರಬೇಕಾಯಿತು. ಕೆಲವೇ ದಶಕಗಳಲ್ಲಿ ಜಿಲ್ಲೆಯ ಬಿದಿರು ಬರಿದಾಯಿತು. ಆದರೂ ಕಾಡು ಹಾಳು ಮಾಡಿದವರು ಯಾರು ಅಂತ ಕೇಳಿದರೆ ಬೆರಳು ತೋರುವುದು ಸೌದೆ ಹೊರೆ ಹೊತ್ತ ಹೆಂಗಸಿನ ಕಡೆಗೆ!

ಈಗ ಕಾಳಿಯ ಮೇಲ್ಗಡೆಗೆ ಹೋಗೋಣ. ಕಾಳಿ ಮತ್ತು ಪಾಂಡರಿ ಕೂಡುವ ಜಾಗದಲ್ಲಿ ಸೂಪಾ ಅನ್ನೋ ಊರಿತ್ತು. ತಾಲೂಕಿನ ಕಚೇರಿಗಳೂ ಅಲ್ಲೇ ಇದ್ದವು. ವಿದ್ಯುತ್ತಿಗಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. 1987ಕ್ಕೆ ಅದು ಪೂರ್ತಿಯಾಯಿತು. ಸೂಪಾ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ಮುಳುಗಡೆಯ ಮಂದಿಯನ್ನು ರಾಮನಗರದಲ್ಲಿ ತಂದು ಕೂರಿಸಿದರು.

ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರು ಬರೆದ 1894ರ ಭೂಸ್ವಾಧೀನ ಕಾಯಿದೆ. ಅದರ ಕಣ್ಣಿಗೆ ಕಾಣುವುದು ಹಕ್ಕಿನ ಕಾಗದ ಇದ್ದವ ಮಾತ್ರ. ಗದ್ದೆಯ ಒಡೆಯನಿಗೆ ಪರಿಹಾರ ಉಂಟು. ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಕೂಲಿಯವನಿಗೆ ಇಲ್ಲ. ಊರಿಗೆ ಊರೇ ಮುಳುಗುತ್ತಿರುವಾಗ ನೀರು ಭೇದ ಮಾಡಲಿಲ್ಲ, ಕಾಯಿದೆ ಮಾಡಿತು. ಬದುಕುವ ದಾರಿ ಕಳಕೊಂಡವನೂ ಬಾಧಿತನೇ ಅಂತ ಕಾನೂನು ಒಪ್ಪಿದ್ದು 2013ರಲ್ಲಿ. ಅಷ್ಟೊತ್ತಿಗೆ ಸೂಪಾ ಅಣೆಕಟ್ಟು ಮುಗಿದು ಕಾಲು ಶತಮಾನ ಆಗಿತ್ತು. ಹಳೇ ಊರಿನಲ್ಲಿ ಯಾರ ಮನೆಗೆ ಕಷ್ಟ ಬಂದರೆ ಯಾರು ಅಕ್ಕಿ ಕೊಡುತ್ತಾರೆ ಅಂತ ಗೊತ್ತಿರುತ್ತದೆ. ಹೊಸ ಕಾಲೊನಿಯ ಪಟ್ಟಿಯಲ್ಲಿ ಮನೆ ನಂಬರು ಇರುತ್ತದೆ, ಆ ಗೊತ್ತು ಇರುವುದಿಲ್ಲ.

ಇನ್ನು ಮುಂಡಗೋಡ. 1966ರಲ್ಲಿ ಅಂದಿನ ಮೈಸೂರು ರಾಜ್ಯ ಸರ್ಕಾರ ಸುಮಾರು 4,000 ಎಕರೆ ಭೂಮಿಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕೊಟ್ಟಿತು. ಗಾಂದೆನ್, ದ್ರೆಪುಂಗ್ ಮಠಗಳು ಇಲ್ಲಿ ಮತ್ತೆ ಎದ್ದುನಿಂತವು. ಸುತ್ತಲಿನ ಬಡವನ ಬಾಯಲ್ಲಿ ಒಂದು ಮಾತು ಬಂತು: "ಅವರಿಗೆ ಎಕರೆಗಟ್ಟಲೆ ಕೊಟ್ರು. ನಾವು ನಾಕು ಗುಂಟೆ ಹಸನು ಮಾಡಿದ್ರ ಅತಿಕ್ರಮಣ ಅಂತಾರ." ಈ ಸಿಟ್ಟಿನಲ್ಲಿ ನ್ಯಾಯ ಇದೆ. ಆದರೆ ಅದು ತಾಗಬೇಕಾದ ಬಾಗಿಲು ಬೇರೆ. ಆ ಟಿಬೆಟಿನವನಿಗೂ ನೆಲದ ಒಡೆತನ ಇಲ್ಲ. ಅವನು ಈ ದೇಶದಲ್ಲಿ ವಿದೇಶಿಯಾಗಿ ನೋಂದಣಿ ಪತ್ರ ಇಟ್ಟುಕೊಂಡು, ಅದನ್ನು ನವೀಕರಿಸಿಕೊಳ್ಳುತ್ತಾ ಬದುಕಬೇಕು. ಬೇಲಿಯ ಈಚೆ ಇರುವವನಿಗೆ ಪಟ್ಟಾ ಇಲ್ಲ, ಆಚೆ ಇರುವವನಿಗೆ ದೇಶವೇ ಇಲ್ಲ. ಇಬ್ಬರೂ ಬೇಲಿ ನೋಡಿ ಹಲ್ಲು ಕಡಿಯುತ್ತಾ ಕೂತರೆ ಯಾರಿಗೆ ಲಾಭ?

ಎಲ್ಲಕ್ಕಿಂತ ಹರಿತವಾದ ಕಾಗದ ಜಾತಿ ಪ್ರಮಾಣಪತ್ರ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳೇ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿಯರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡ ಅಂತ ಒಪ್ಪಿದ್ದು 2003ರಲ್ಲಿ. ಜಿಲ್ಲೆಯ ಗಡಿಯಾಚೆ ಧಾರವಾಡ, ಬೆಳಗಾವಿಯಲ್ಲಿದ್ದ ಅವರದೇ ಬಳಗದವರಿಗೆ ಅದೇ ಹಕ್ಕು ಸಿಕ್ಕಿದ್ದು 2020ರಲ್ಲಿ. ಹದಿನೇಳು ವರ್ಷ ಒಂದೇ ರಕ್ತಕ್ಕೆ ಎರಡು ಹೆಸರು!

2003ರ ಆ ಕಾಯಿದೆಯೇ ಗೋವೆಯ ಕುಣಬಿಗಳನ್ನೂ ಪಂಗಡದ ಪಟ್ಟಿಗೆ ಸೇರಿಸಿತು. ಗಡಿಯ ಈಚೆ ಜೋಯಿಡಾದ ಕುಣಬಿಗಳನ್ನು ಬಿಟ್ಟಿತು. ಹೀಗಾಗಿ ಒಂದೇ ಕಾಡಿನಲ್ಲಿ ಒಂದೇ ಗೆಡ್ಡೆ ಅಗೆದು ತಿನ್ನುವ ಇಬ್ಬರಲ್ಲಿ ಒಬ್ಬನ ಮಗಳಿಗೆ ಮೀಸಲಾತಿ ಉಂಟು, ಇನ್ನೊಬ್ಬನ ಮಗಳಿಗೆ ಆ ಬಾಗಿಲು ಇಲ್ಲ. ಸಿದ್ದಿಯ ಹಕ್ಕು ಕುಣಬಿಯಿಂದ ಕಿತ್ತುಕೊಂಡದ್ದೇನಲ್ಲ. ಆದರೆ ಹಾಗೆ ಅನ್ನಿಸುವ ಹಾಗೆ ವ್ಯವಸ್ಥೆ ಪಟ್ಟಿ ಬರೆಯುತ್ತದೆ.

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದೂ ಸುಳ್ಳೇ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ಟ್ರಂಕಿನಲ್ಲಿ ಬಟ್ಟೆಯ ಜೊತೆ ಜಾತಿಯನ್ನೂ ತಂದರು. ಬಾಡಿಗೆ ಮನೆ ಕೇಳಲು ಹೋದ ಹೊಲೆಯ ಮಾದಿಗರ ಹುಡುಗನಿಗೆ ಮೊದಲ ಪ್ರಶ್ನೆ ಸಂಬಳದ್ದಲ್ಲ, "ನೀವು ಯಾರ ಪೈಕಿ?" ಈ ಪ್ರಶ್ನೆಗೆ ಯಾವ ಕಚೇರಿಯ ಸೀಲೂ ಬೇಕಿಲ್ಲ. ಇದು ನಮ್ಮದೇ ರೋಗ. ಇದನ್ನು ಬಿಡದೆ ನೆರೆಹೊರೆಯ ಮಾತಾಡುವುದು ಆತ್ಮವಂಚನೆ.

ಇಷ್ಟೆಲ್ಲ ಯಾಕೆ ಹೇಳಬೇಕು ಅಂದ್ರೆ, ಇವತ್ತು ನೆರೆಯವನ ಮೇಲಿನ ಅಪನಂಬಿಕೆಗೆ ನಾವು ನೆಲ ತೆರುತ್ತಿದ್ದೇವೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಪರಿಶಿಷ್ಟ ಪಂಗಡದವನಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸ, ಸಾಗುವಳಿ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ದಲಿತನೂ ಈ ಕಾಯಿದೆಯಲ್ಲಿ "ಇತರೆ"! ಅಕ್ಷರ ಕಲಿಯಲಿಕ್ಕೆ ಬಿಡದವರ ಮೊಮ್ಮಕ್ಕಳ ಹತ್ತಿರ 75 ವರ್ಷದ ಕಾಗದ ಕೇಳುವುದು ಎಂಥ ನ್ಯಾಯ?

ಆದರೆ ಅದೇ ಕಾಯಿದೆಯ ನಿಯಮಗಳಲ್ಲಿ ಒಂದು ದಾರಿ ಇದೆ. ಹಕ್ಕು ಕೇಳಿದವನನ್ನು ಬಿಟ್ಟು ಊರಿನ ಬೇರೆ ಹಿರಿಯರು ಹೇಳಿದ್ದನ್ನು ಬರೆದಿಟ್ಟರೆ ಅದೂ ಪುರಾವೆ. ಮನೆ, ಬದು, ಹಳೇ ಬಾವಿ, ಸ್ಮಶಾನ, ದೇವರ ಜಾಗ ಇವೂ ಪುರಾವೆ. ಒಂದಕ್ಕಿಂತ ಹೆಚ್ಚು ಕೂಡಿಸಿ ಕೊಡಬೇಕು ಅಷ್ಟೇ. ಇಂಥದೇ ದಾಖಲೆ ಬೇಕು ಅಂತ ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ ಅಂತ 2012ರ ತಿದ್ದುಪಡಿ ಸ್ಪಷ್ಟ ಹೇಳಿದೆ.

ಅಂದ್ರೆ ದಲಿತನ ಜಮೀನಿಗೆ ಕುಣಬಿ ಅಜ್ಜ ಸಾಕ್ಷಿ, ಗೌಳಿಯ ದನದ ದಾರಿಗೆ ಸಿದ್ದಿ ಅಜ್ಜಿ ಸಾಕ್ಷಿ. ಯಾರ ಮೇಲೆ ಗುಮಾನಿಯೋ ಅವರ ಬಾಯಲ್ಲೇ ನಮ್ಮ ಹಕ್ಕು ಇದೆ. ಆ ಅಜ್ಜ ಅಜ್ಜಿಯರು ಒಬ್ಬೊಬ್ಬರಾಗಿ ಮಣ್ಣಾಗುತ್ತಿದ್ದಾರೆ. ಹಳ್ಳಿಯ ಮೇಷ್ಟ್ರುಗಳು, ಕಾಲೇಜಿನ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ ಹಿಡಿದು ಓಣಿಗೆ ಹೋಗಲಿ. ಜಾತಿ ಕೇಳದೆ ಪ್ರತಿ ಮನೆಯ ಜಗಲಿಯಲ್ಲಿ ಕೂರಲಿ. "ಅಜ್ಜಾ, ಪಕ್ಕದ ಮನೆಯವರು ಇಲ್ಲಿಗೆ ಯಾವಾಗ ಬಂದ್ರು?" ಅಂತ ಕೇಳಲಿ. ಹೇಳಿದ್ದನ್ನು ಬರೆದು, ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯ ಮುಂದೆ ಇಡಲಿ.