ಯಾರನ್ನು ಆರಿಸಬೇಕಿತ್ತು ಎಂಬ ಜಗಳ

ಕಬಡ್ಡಿ, ಲಗೋರಿ ಆಡಲು ಹುಡುಗರು ಎರಡು ಗುಂಪಾಗಬೇಕಾದಾಗ ನಮ್ಮ ಊರುಗಳಲ್ಲಿ ಒಂದು ಪದ್ಧತಿ ಇತ್ತು. ಆಟದಲ್ಲಿ ಸರಿಸಮರಾದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಅಷ್ಟು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದರು. ‘ಹುಲಿ ಬೇಕೋ, ಸಿಂಹ ಬೇಕೋ?’ ಎಂದು ನಾಯಕರನ್ನು ಕೇಳುತ್ತಿದ್ದರು. ಹುಲಿ ಯಾರು ಎಂದು ನಾಯಕನಿಗೆ ಗೊತ್ತಿಲ್ಲ. ಆದ್ದರಿಂದ ಆಮೇಲೆ ತಕರಾರು ತೆಗೆಯುವಂತೆಯೂ ಇಲ್ಲ. ಈ ಪದ್ಧತಿಯ ಜಾಣತನವೆಲ್ಲ ಇರುವುದು ಜೋಡಿ ಕಟ್ಟುವುದರಲ್ಲಿ. ಜೋಡಿ ಸರಿಯಾಗಿ ಕೂಡಿದರೆ ಯಾರು ಯಾರನ್ನು ಕರೆದರೂ ತಂಡಗಳು ಸಮ. ಅದಕ್ಕೆ ಬೇಕಾದದ್ದು ಒಂದೇ: ಜೋಡಿಯಾಗುವಷ್ಟು ಹುಡುಗರು ಬಯಲಲ್ಲಿ ಇರಬೇಕು. 2014ರಿಂದ 2017ರವರೆಗೆ ಇಂಡಿಯನ್ ಸೂಪರ್ ಲೀಗ್‌ನ ಫುಟ್‌ಬಾಲ್ ಆಟಗಾರರನ್ನು ಹಂಚಿದ, ತಂಡಗಳು ಸರದಿಯಂತೆ ಹೆಸರು ಕರೆಯುವ ಡ್ರಾಫ್ಟ್ ಎಂಬ ಪದ್ಧತಿಯ ಚರಿತ್ರೆಯನ್ನು ನೋಡಿದರೆ, ಅದು ಎಡವಿದ್ದು ಇಲ್ಲಿಯೇ ಎನಿಸುತ್ತದೆ. ಯಾರನ್ನು ಆರಿಸಬೇಕಿತ್ತು, ಯಾರನ್ನು ಬಿಡಬೇಕಿತ್ತು ಎಂದು ಅಭಿಮಾನಿಗಳು ವಾದಿಸಿದರು. ಆರಿಸಲು ಎಷ್ಟು ಜನ ಇದ್ದರು, ಅವರು ಎಲ್ಲಿಂದ ಬಂದರು ಎಂಬ ಪ್ರಶ್ನೆ ಹಿಂದೆ ಉಳಿಯಿತು.

ಡ್ರಾಫ್ಟ್ ಹುಟ್ಟಿದ್ದು ಅಮೆರಿಕದಲ್ಲಿ, ಅದೂ ಸೋತವನ ತಲೆಯಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮದಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್, ಹಣವಂತ ತಂಡಗಳೇ ಒಳ್ಳೆಯ ಆಟಗಾರರನ್ನು ಬಾಚಿಕೊಳ್ಳುವುದನ್ನು ಕಂಡು, ಕೊನೆಯಲ್ಲಿ ನಿಂತ ತಂಡಕ್ಕೆ ಮೊದಲ ಆಯ್ಕೆ ಸಿಗಲಿ ಎಂದು 1935ರಲ್ಲಿ ಸೂಚಿಸಿದರು. 1936ರ ಫೆಬ್ರವರಿ 8ರಂದು ಅದೇ ಊರಿನ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಹಿಂದಿನ ಋತುವಿನಲ್ಲಿ ತಳ ಸೇರಿದ್ದ ಈಗಲ್ಸ್ ಮೊದಲು ಕರೆದದ್ದು ಜೇ ಬರ್ವಾಂಗರ್ ಎಂಬ ಹೆಸರಾಂತ ಕಾಲೇಜು ಆಟಗಾರನನ್ನು. ಆತ ಈಗಲ್ಸ್ ಆಡುತ್ತಿದ್ದ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಇತಿಹಾಸದ ಮೊತ್ತಮೊದಲ ಆಯ್ಕೆಯೇ ಹುಸಿಹೋಯಿತು, ಆದರೂ ಪದ್ಧತಿ ಉಳಿಯಿತು. ಕಾರಣ, ಅದರ ಬೆನ್ನಿಗೆ ವಿಶ್ವವಿದ್ಯಾಲಯಗಳಿದ್ದವು. ಒಂದು ತಂಡದ ಆಯ್ಕೆ ಕೆಟ್ಟರೂ ಮರುವರ್ಷ ಕಾಲೇಜುಗಳಿಂದ ಹೊಸ ಬೆಳೆ ಬರುತ್ತಿತ್ತು. ಕಣದಲ್ಲಿ ರಾಶಿ ಇದ್ದರೆ ತಾನೇ ಕೊಳಗದ ಮಾತು?

ನಮ್ಮಲ್ಲಿ ಆಟಗಾರರು ತಂಡ ಸೇರುತ್ತಿದ್ದ ದಾರಿ ಬೇರೆ. ಬೆಂಗಳೂರಿನ ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದ ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್ ಜೊತೆಗೆ ಅವರನ್ನು ಬಂಗಾಳ ಪಂಚಪಾಂಡವರೆಂದು ಕೊಂಡಾಡಿತು. ಅದಕ್ಕೂ ಮೊದಲು, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು ಮರುವರ್ಷವೂ ಅದನ್ನು ಉಳಿಸಿಕೊಂಡಿತ್ತು. ಆಗ ಆಯ್ಕೆ ಎಂದರೆ ಕ್ಲಬ್ಬಿನ ಕಣ್ಣು, ಆಟಗಾರನ ಒಪ್ಪಿಗೆ, ಮುಖ್ಯವಾಗಿ ನೌಕರಿ. ಮುಂಬಯಿಯಲ್ಲಿ ಟಾಟಾ, ಮಫತ್‌ಲಾಲ್, ಮಹೀಂದ್ರ, ಏರ್ ಇಂಡಿಯಾ, ರೈಲ್ವೆ ತಂಡಗಳಿಗೆ ಸೇರುವವನು ಆಟದ ಜೊತೆಗೆ ಸಂಬಳದ ಲೆಕ್ಕವನ್ನೂ ಹಾಕುತ್ತಿದ್ದ. ಈ ಕ್ರಮದಲ್ಲಿ ಅನ್ಯಾಯವಿತ್ತು, ವಶೀಲಿಯೂ ಇತ್ತು. ಆದರೆ ಆಟಗಾರನನ್ನು ಕರೆದ ಸಂಸ್ಥೆ ಅವನನ್ನು ವರ್ಷಗಟ್ಟಲೆ ಸಾಕುತ್ತಿತ್ತು. ಅಹಮದ್ ಖಾನ್ ಹತ್ತು ವರ್ಷ ಒಂದೇ ಅಂಗಿ ತೊಟ್ಟರು.

2014ರಲ್ಲಿ ಈ ಲೆಕ್ಕವೆಲ್ಲ ಬದಲಾಯಿತು. ಎಂಟು ಫ್ರಾಂಚೈಸಿಗಳ ಹೊಸ ಲೀಗ್‌ಗಾಗಿ ಆ ಜುಲೈಯಲ್ಲಿ ಮುಂಬಯಿಯಲ್ಲಿ ಎರಡು ದಿನ ಡ್ರಾಫ್ಟ್ ನಡೆದು, 84 ಭಾರತೀಯ ಆಟಗಾರರು ಹಂಚಿಕೆಯಾದರು. ಬೆಂಗಳೂರಿನ ಫ್ರಾಂಚೈಸಿ ಪಡೆದಿದ್ದ ಸನ್ ಗ್ರೂಪ್ ಹಿಂದೆ ಸರಿದದ್ದರಿಂದ ಆ ಜಾಗಕ್ಕೆ ಚೆನ್ನೈ ಬಂತು. ಮುಂಬಯಿ ಸಿಟಿ ತಂಡದ ತವರು ಮೈದಾನ ಮುಂಬಯಿಯಲ್ಲಿ ಇರಲಿಲ್ಲ. ಖಾಡಿಯ ಆಚೆ, ನವಿ ಮುಂಬಯಿಯ ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿತ್ತು. ಕಲ್ಯಾಣ, ಡೊಂಬಿವಲಿಯ ಅಭಿಮಾನಿ ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಗಾಡಿ ಹತ್ತಿ ಐರೋಲಿ, ರಬಾಲೆ, ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆ, ಜುಯಿನಗರ ದಾಟಿ ಅಲ್ಲಿಗೆ ತಲುಪಬೇಕು. ಮೊದಲ ಋತುವಿನ ಫೈನಲ್ ನಡೆದದ್ದೂ ಅಲ್ಲಿಯೇ, 2014ರ ಡಿಸೆಂಬರ್ 20ರಂದು. ಕೇರಳ ಬ್ಲಾಸ್ಟರ್ಸ್ ಮತ್ತು ಅಟ್ಲೆಟಿಕೊ ಡಿ ಕೋಲ್ಕತಾ ತೊಂಬತ್ತು ನಿಮಿಷ ಗೋಲಿಲ್ಲದೆ ಸೆಣಸಿದವು. ಹೆಚ್ಚುವರಿ ನಿಮಿಷಗಳೂ ಮುಗಿಯುತ್ತ ಬಂದಾಗ ಕೋಲ್ಕತಾಕ್ಕೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಗೋಲಿನ ಮುಂದೆ ಇಳಿಯುತ್ತಿದ್ದಂತೆ, ಬದಲಿ ಆಟಗಾರನಾಗಿ ಒಳಬಂದಿದ್ದ ಮೊಹಮ್ಮದ್ ರಫೀಕ್ ತಲೆ ಕೊಟ್ಟರು. 1–0. ದೊಡ್ಡ ಹೆಸರಿನ ವಿದೇಶಿ ಆಟಗಾರರಿಂದ ತುಂಬಿದ್ದ ಲೀಗ್‌ನ ಮೊದಲ ಕಪ್ಪನ್ನು ತೀರ್ಮಾನಿಸಿದ್ದು ಬೆಂಚಿನಿಂದ ಎದ್ದು ಬಂದ ಬಂಗಾಳದ ಆಟಗಾರ.

ಮರುವರ್ಷ ಡ್ರಾಫ್ಟ್ ಜೊತೆಗೆ ಹರಾಜೂ ಸೇರಿತು. 2015ರ ಜುಲೈ 10ರಂದು ಹತ್ತು ಮಂದಿ ಆಟಗಾರರಿಗೆ ಕೂಗು ನಡೆಯಿತು. ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ಅವರನ್ನು ಮುಂಬಯಿ ಸಿಟಿ 1.2 ಕೋಟಿ ರೂಪಾಯಿಗೆ ಪಡೆಯಿತು. ಅಂದಿನ ಅತ್ಯಧಿಕ ಬೆಲೆ ಅದು. ‘ಯಾರನ್ನು ಆರಿಸಬೇಕು’ ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ಇರಲಾರದು. ಛೇತ್ರಿ ನಿರಾಸೆಗೊಳಿಸಲೂ ಇಲ್ಲ. ಅದೇ ಅಕ್ಟೋಬರ್‌ನಲ್ಲಿ ನೆರೂಲಿನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಹ್ಯಾಟ್ರಿಕ್ ಬಾರಿಸಿ, ಆ ಲೀಗ್‌ನಲ್ಲಿ ಅದನ್ನು ಸಾಧಿಸಿದ ಮೊದಲ ಭಾರತೀಯರಾದರು. ಋತುವಿನ 11 ಪಂದ್ಯಗಳಲ್ಲಿ 7 ಗೋಲು. ಆದರೂ ಮುಂಬಯಿ ಸಿಟಿ ಎಂಟು ತಂಡಗಳಲ್ಲಿ ಆರನೆಯದಾಗಿ ಮುಗಿಸಿತು. ಅವರಿಲ್ಲದ ಹಿಂದಿನ ವರ್ಷ ಏಳನೆಯದಾಗಿತ್ತು. ಅತಿ ಉತ್ತಮ ಆಯ್ಕೆ ತಂಡವನ್ನು ಎತ್ತಿದ್ದು ಒಂದು ಮೆಟ್ಟಿಲು. ಋತು ಮುಗಿದ ಮೇಲೆ ಛೇತ್ರಿ ತಮ್ಮ ಕ್ಲಬ್ಬಿಗೆ ಹಿಂದಿರುಗಿದರು. ಎರವಲು ತಂದ ಒಡವೆಯಿಂದ ಮದುವೆ ಮನೆಯಲ್ಲಿ ಮೆರೆಯಬಹುದು, ಆಸ್ತಿ ಆಗದು. ಆ ಮೊದಲ ವರ್ಷಗಳ ಭಾರತೀಯ ಆಟಗಾರರಲ್ಲಿ ಬಹಳ ಮಂದಿ ಹೀಗೆ ದೇಶದ ಹಳೆಯ ಲೀಗ್ ಆದ ಐ–ಲೀಗ್‌ನ ಕ್ಲಬ್‌ಗಳಿಂದ ಕೆಲವು ತಿಂಗಳ ಮಟ್ಟಿಗೆ ಬಂದವರು. ಡ್ರಾಫ್ಟ್ ಹೊಸ ಆಟಗಾರರನ್ನು ತರಲಿಲ್ಲ. ಇದ್ದವರನ್ನೇ ಬೇರೆ ಅಂಗಿ ತೊಡಿಸಿ ನಿಲ್ಲಿಸಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಅಂಕಿಗಳೇ ಎತ್ತುತ್ತವೆ. 2014ರಲ್ಲಿ 14 ಪಂದ್ಯಗಳ ನಂತರ ಅಗ್ರಸ್ಥಾನದ ಚೆನ್ನೈಯಿನ್ ಬಳಿ 23 ಅಂಕ, ತಳದ ನಾರ್ತ್‌ಈಸ್ಟ್ ಬಳಿ 15. ಸೆಮಿಫೈನಲ್‌ಗೆ ಹೋದ ನಾಲ್ಕನೆಯ ತಂಡಕ್ಕೂ ಕೊನೆಯ ತಂಡಕ್ಕೂ ನಡುವೆ ನಾಲ್ಕೇ ಅಂಕದ ಅಂತರ. ಡ್ರಾಫ್ಟ್ ನಿಂತ ಮೇಲೆ, 2019ರ ನವೆಂಬರ್‌ನಲ್ಲಿ ಮುಂಬಯಿ ಸಿಟಿಯ ಶೇ 65 ಪಾಲನ್ನು ಸಿಟಿ ಫುಟ್‌ಬಾಲ್ ಗ್ರೂಪ್ ಕೊಂಡಿತು. 2020–21ರಲ್ಲಿ ತಂಡ ಲೀಗ್ ಶೀಲ್ಡ್ ಮತ್ತು ಕಪ್ ಎರಡನ್ನೂ ಗೆದ್ದಿತು. 2022–23ರಲ್ಲಿ 20 ಪಂದ್ಯಗಳಿಂದ ಮುಂಬಯಿ ಗಳಿಸಿದ್ದು 46 ಅಂಕ, ನಾರ್ತ್‌ಈಸ್ಟ್ ಗಳಿಸಿದ್ದು 5. ಬರ್ಟ್ ಬೆಲ್ ಹೆದರಿದ್ದು ಇದಕ್ಕೇ ಅಲ್ಲವೇ? ಹೌದು, ಈ ಮಾತನ್ನು ಒಪ್ಪಬೇಕು. ಹಂಚಿಕೆ ಕೈಬಿಟ್ಟರೆ ಹಣವಂತರು ಮುಂದೆ ಓಡುತ್ತಾರೆ. ಆದರೆ 2014ರ ಸಮಾನತೆಯನ್ನೆಲ್ಲ ಭಾರತೀಯ ಆಟಗಾರರ ಡ್ರಾಫ್ಟ್ ಖಾತೆಗೆ ಬರೆಯುವುದೂ ತಪ್ಪು. ಆಗ ಹನ್ನೊಂದರಲ್ಲಿ ಆರು ಮಂದಿ ವಿದೇಶಿಯರು ಆಡಬಹುದಿತ್ತು. ಭಾರತೀಯರ ಪಾಲು ಐದು. ಎಂಟು ತಂಡಗಳೂ ಹೊಸವು, ಯಾವುದಕ್ಕೂ ಹಳೆಯ ಬೇರಿಲ್ಲ. ಎಲ್ಲರೂ ಒಂದೇ ದಿನ ಗುಡಿಸಲು ಕಟ್ಟಿದಾಗ ಎತ್ತರ ಸಮನಾಗಿಯೇ ಇರುತ್ತದೆ. ಆ ಸಮಾನತೆ ಕೊರತೆಯನ್ನು ಸಮನಾಗಿ ಹಂಚಿದ್ದರ ಫಲ.

ಎರಡನೆಯ ಆಕ್ಷೇಪ ಕ್ರಿಕೆಟ್‌ನಿಂದ ಬರುತ್ತದೆ, ಬೆಂಗಳೂರಿನವರ ಬಾಯಲ್ಲಿ ಬೇಗ ಬರುತ್ತದೆ. 2008ರ ಮಾರ್ಚ್‌ನಲ್ಲಿ ಐಪಿಎಲ್‌ನ 19 ವರ್ಷದೊಳಗಿನವರ ಡ್ರಾಫ್ಟ್ ನಡೆದಾಗ ದೆಹಲಿ ತಂಡ ತನ್ನದೇ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಕರೆಯಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಒಂದು ಹೆಸರು ಒಂದು ಫ್ರಾಂಚೈಸಿಯ ಹಣೆಬರಹವನ್ನೇ ಬದಲಿಸಲಿಲ್ಲವೇ? ಬದಲಿಸಿತು, ಒಪ್ಪೋಣ. ಆದರೆ ದೆಹಲಿಯವರು ಮೂರ್ಖರಾಗಿರಲಿಲ್ಲ. ಸೆಹ್ವಾಗ್, ಗಂಭೀರ್, ಡಿವಿಲಿಯರ್ಸ್, ದಿಲ್ಶಾನ್ ಇದ್ದ ತಂಡಕ್ಕೆ ಅಂದು ಬೇಕಿದ್ದದ್ದು ಬೌಲರ್. ತಂಡದ ತೂತು ನೋಡಿ ಆರಿಸಬೇಕೋ, ಆಟಗಾರನ ತೂಕ ನೋಡಿ ಆರಿಸಬೇಕೋ ಎಂಬ ಪ್ರಶ್ನೆಗೆ ಅವರು ಮೊದಲನೆಯದನ್ನು ಉತ್ತರವಾಗಿಸಿಕೊಂಡರು. ಬೆಂಗಳೂರಿನ ಹೆಚ್ಚುಗಾರಿಕೆಯನ್ನು ಆ ಒಂದು ಕರೆಯಲ್ಲಿ ಹುಡುಕಿದರೆ ಸಿಗದು. ಅದು ನಂತರದ ವರ್ಷಗಳಲ್ಲಿ ಸಿಗುತ್ತದೆ. ಬೇರೆಯವರು ಬಿಟ್ಟದ್ದನ್ನು ಕರೆಯಲು ಒಂದು ನಿಮಿಷ ಸಾಕಾಯಿತು. ಆ ಆಟಗಾರನನ್ನು ಉಳಿಸಿಕೊಂಡು ಕಪ್ ಎತ್ತಲು 2025ರವರೆಗೆ, ಹದಿನೆಂಟು ಋತು ಕಾಯಬೇಕಾಯಿತು. ಆ ಹುಡುಗನನ್ನು ತಯಾರಿಸಿದ್ದು ಡ್ರಾಫ್ಟ್ ಕೋಣೆಯೂ ಅಲ್ಲ. ದೆಹಲಿಯ ಕ್ಲಬ್ ಕ್ರಿಕೆಟ್ ಮತ್ತು ರಣಜಿ. ಕ್ರಿಕೆಟ್‌ಗೆ ಆ ಕಣ ಇತ್ತು, ಅದಕ್ಕೇ ಡ್ರಾಫ್ಟ್ ಅಲ್ಲಿ ಅರ್ಥ ಪಡೆಯಿತು.

ಫುಟ್‌ಬಾಲ್‌ನ ಕೊನೆಯ ಡ್ರಾಫ್ಟ್ 2017ರ ಜುಲೈ 23ರಂದು ಮುಂಬಯಿಯಲ್ಲಿ ನಡೆಯಿತು. ಹೊಸದಾಗಿ ಸೇರಿದ ಜಮ್ಶೆಡ್‌ಪುರ ಮೊದಲಿಗೆ ಕರೆದದ್ದು ಕೇರಳದ ಸ್ಟಾಪರ್ ಅನಸ್ ಎಡತೊಡಿಕ ಅವರನ್ನು, 1.1 ಕೋಟಿಯ ಬೆಲೆಗೆ. ತಂಡ ಐದನೆಯದಾಗಿ ನಿಂತು ಪ್ಲೇಆಫ್ ಅವಕಾಶ ಕಳೆದುಕೊಂಡಿತು. ಅದೇ ವರ್ಷ ಲೀಗ್‌ಗೆ ಬಂದ ಬೆಂಗಳೂರು ಎಫ್‌ಸಿ 40 ಅಂಕಗಳೊಂದಿಗೆ ಮೊದಲ ಸ್ಥಾನ ಪಡೆಯಿತು. ವ್ಯತ್ಯಾಸ ಇದ್ದದ್ದು ಡ್ರಾಫ್ಟ್ ಬಾಗಿಲಿನ ಹೊರಗೆ. ಬೆಂಗಳೂರು 2013ರಿಂದ ತಂಡ ಕಟ್ಟುತ್ತ ಬಂದಿತ್ತು, ಎರಡು ಐ–ಲೀಗ್ ಗೆದ್ದಿತ್ತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತ್ತು. ಛೇತ್ರಿ ಮತ್ತು ಉದಾಂತ ಸಿಂಗ್ ಅವರನ್ನು ಕೈಯಲ್ಲಿಟ್ಟುಕೊಂಡೇ ಕೋಣೆಗೆ ಬಂದಿತ್ತು. ಮಿಕ್ಕ ತೂತುಗಳನ್ನು ಮುಚ್ಚಲು ಅದು ಕರೆದವರಲ್ಲಿ ಮುಂಬಯಿಯ ಡಿಫೆಂಡರ್ ರಾಹುಲ್ ಭೇಕೆ ಒಬ್ಬರು. 2019ರ ಮಾರ್ಚ್ 17ರಂದು ಅಂಧೇರಿಯಲ್ಲಿ ಗೋವಾ ವಿರುದ್ಧದ ಫೈನಲ್‌ನಲ್ಲಿ, 117ನೇ ನಿಮಿಷದ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಕಪ್ ತಂದವರು ಅವರೇ. ನೆರೂಲಿನ ರಫೀಕ್, ಅಂಧೇರಿಯ ಭೇಕೆ: ಎರಡೂ ಫೈನಲ್‌ಗಳನ್ನು ಬಿಡಿಸಿದ್ದು ಕಾರ್ನರ್‌ಗೆ ಎದ್ದ ತಲೆಗಳು, ಎರಡೂ ದೊಡ್ಡ ಬೆಲೆಯ ಪಟ್ಟಿಯ ಹೊರಗಿನವು. ಆದ್ದರಿಂದ ಡ್ರಾಫ್ಟ್ ನಿರರ್ಥಕ ಎನ್ನಲಾಗದು. ಗೋಡೆ ಎದ್ದ ಮನೆಗೆ ಅದು ಕಿಟಕಿ ಕೂರಿಸಬಲ್ಲದು; ಗೋಡೆ ಎಬ್ಬಿಸುವ ಕೆಲಸ ಅದರದಲ್ಲ. 2017ರ ಆ ಡ್ರಾಫ್ಟ್ ನಂತರ ಲೀಗ್ ಆ ಪದ್ಧತಿಯನ್ನು ಕೈಬಿಟ್ಟು, ಕ್ಲಬ್‌ಗಳೇ ನೇರವಾಗಿ ಒಪ್ಪಂದ ಮಾಡಿಕೊಳ್ಳುವ ಕ್ರಮಕ್ಕೆ ಹೊರಳಿತು.

ಗೋಡೆಯ ಕೆಲಸ ಎಲ್ಲಿ ನಡೆಯಬೇಕು ಎಂಬುದಕ್ಕೆ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಉದಾಹರಣೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಭಾರತ ಹೊಡೆದ ಏಕೈಕ ಗೋಲಿಗೆ ಕಾರ್ನರ್ ಒದ್ದ ಹುಡುಗ ಅವರು. ಆಟ ಕಲಿಯಲು ಅವರು ಚಂಡೀಗಢದ ಅಕಾಡೆಮಿಗೆ ಹೋಗಬೇಕಾಯಿತು. ಪೋರ್ಚುಗಲ್, ಕೇರಳ ಸುತ್ತಿ 2022ರಲ್ಲಿ ಮುಂಬಯಿ ಸಿಟಿಗೆ ಬಂದರು. ಅವರನ್ನು ಯಾವ ಡ್ರಾಫ್ಟ್ ಪಟ್ಟಿಯೂ ಹುಟ್ಟಿಸಲಿಲ್ಲ. ನವಿ ಮುಂಬಯಿಯಲ್ಲಿಯೂ ಡ್ರಾಫ್ಟ್ ಕಾಲದಲ್ಲೇ, 2015ರಲ್ಲಿ, ಘನ್ಸೋಲಿಯ ರಿಲಯನ್ಸ್ ಆವರಣದಲ್ಲಿ ಯಂಗ್ ಚಾಂಪ್ಸ್ ಎಂಬ ವಸತಿ ಅಕಾಡೆಮಿ ಶುರುವಾಯಿತು. ಹರಾಜಿನ ಕೂಗಿನ ಮುಂದೆ ಅದು ಸದ್ದಿಲ್ಲದ ಕೆಲಸ. ಅಲ್ಲಿ ಕಲಿತ ಹುಡುಗರು 2021ರಿಂದ ಇಂಡಿಯನ್ ಸೂಪರ್ ಲೀಗ್ ಕ್ಲಬ್‌ಗಳಿಗೆ ಸೇರತೊಡಗಿದರು. ಮುಂದೆ ಯಾವ ಆಟದ ಹಂಚಿಕೆಯ ಬಗ್ಗೆ ವಾದ ಎದ್ದರೂ, ಯಾರನ್ನು ಕರೆದರು ಎಂದು ಕೇಳುವ ಮೊದಲು ಆ ಹುಡುಗರು ಯಾವ ಬಯಲಿನಿಂದ ಬಂದರು ಎಂದು ಓದುಗರು ಕೇಳಬೇಕು. ಠಾಣೆಯಿಂದ ನೆರೂಲಿಗೆ ಹೋಗುವ ಗಾಡಿಗೆ ಘನ್ಸೋಲಿ ಸಿಗುವುದು ನಾಲ್ಕು ನಿಲ್ದಾಣ ಮೊದಲೇ.