ಕೊಪ್ಪಳ ಸೀಮೆಯ ಹೊಳೆ-ಹಳ್ಳಗಳು ಮತ್ತು ಛಾಯಾಚಿತ್ರ ದಾಖಲಾತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆಯೊಂದನ್ನು ಬಿಟ್ಟರೆ ಈ ಸೀಮೆಯ ನೀರೆಲ್ಲ ಬಹುಮಟ್ಟಿಗೆ ಮಳೆಗಾಲದ ಹಳ್ಳಗಳದು. ಆದರೆ ಈ ಪರಿಸರದಲ್ಲಿ ಛಾಯಾಚಿತ್ರದ ಇತಿಹಾಸ ಆರಂಭವಾದುದು ಕಲ್ಲಿನಿಂದ, ನೀರಿನಿಂದಲ್ಲ.

ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ವಿಜಯನಗರದ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಆತನ ಗುರಿ ಗುಡಿ-ಗೋಪುರಗಳೇ ಆಗಿದ್ದವು. ಅಂದಿನ ಕಾಗದದ ನೆಗೆಟಿವ್‌ಗೆ ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಅಷ್ಟು ಹೊತ್ತಿನಲ್ಲಿ ಕಂಬ ಸ್ಪಷ್ಟವಾಗಿ ಮೂಡುತ್ತದೆ; ಹರಿಯುವ ನೀರು ಅಲೆಯಿಲ್ಲದ ಬಿಳಿಯ ಹಾಸಾಗುತ್ತದೆ, ಚಲಿಸುವ ಮನುಷ್ಯರು ಅಳಿಸಿಹೋಗುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲನ್ನು ವಿವರವಾಗಿ ಬಣ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು-ಇಪ್ಪತ್ತು ಮಂದಿ ಹಿಡಿಸುವಷ್ಟು ಅಗಲ. ಆನೆಗೊಂದಿಯ ಕಡವಿನ ಜೀವನಾಡಿಯಾಗಿದ್ದ ಈ ಸಾಧನವನ್ನು ಹೊಳೆಯ ನಡುವೆ ತೇಲುತ್ತಿರುವಂತೆ ಹಿಡಿಯುವುದು ಆ ಕ್ಯಾಮೆರಾದ ಅಳವಿಗೆ ಮೀರಿದ್ದಾಗಿತ್ತು. ಈ ವಿಷಯದಲ್ಲಿ ಪ್ರವಾಸಿಯ ಲೇಖನಿಯೇ ಹೆಚ್ಚು ನಂಬಲರ್ಹವಾದುದೆಂದು ಹೇಳಬೇಕಾಗುತ್ತದೆ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಅವೇ ದೃಶ್ಯಗಳನ್ನು ಮರಳಿ ತೆಗೆದರು. ಹೋಲಿಕೆಯ ಗಮನವೆಲ್ಲ ಕಟ್ಟಡಗಳ ಮೇಲಿತ್ತು. ಆದರೆ ಆ ಎರಡು ವರ್ಷಗಳ ನಡುವೆ ಬದಲಾದದ್ದು ಕಟ್ಟಡಗಳಷ್ಟೇ ಅಲ್ಲ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯು ಹೊಳೆಯ ಸ್ವಭಾವವನ್ನೇ ಬದಲಿಸಿತ್ತು. ಆದುದರಿಂದ ಗ್ರೀನ್‌ಲಾನ ಚಿತ್ರಗಳು ಕಟ್ಟೆಯಿಲ್ಲದ ಕಾಲದ ನೆಲದ ಚಿತ್ರಗಳೂ ಹೌದು. ಆ ದೃಷ್ಟಿಯಿಂದ ಅವುಗಳನ್ನು ಓದುವ ಕೆಲಸ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ.

ಇಂದಿಗೂ ಇಲ್ಲಿ ಹೊಳೆಯನ್ನು ಅಳೆಯುವುದು ಕಲ್ಲೇ. ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಆನೆಗೊಂದಿ ಬಳಿಯ, ಸ್ಥಳೀಯರು ಕೃಷ್ಣದೇವರಾಯನ ಸಮಾಧಿಯೆಂದು ಕರೆಯುವ 64 ಕಂಬಗಳ ಮಂಟಪ ಮುಳುಗಿದ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಎಷ್ಟು ಕಂಬ ಕಾಣುತ್ತಿದೆ ಎಂಬುದೇ ಓದುಗರಿಗೆ ಪ್ರವಾಹದ ಅಳತೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಮಾತ್ರ ಎಲ್ಲರ ಕಣ್ಣು ನೇರವಾಗಿ ನೀರಿನ ಮೇಲೆಯೇ ನೆಟ್ಟಿತು.

ಕುಷ್ಟಗಿ ತಾಲ್ಲೂಕಿನ ಕಬ್ಬರಗಿಯ ಕಪಿಲತೀರ್ಥದ ಸಮಸ್ಯೆ ಬೇರೆ. ಮಳೆ ಸುರಿದರಷ್ಟೇ ಧುಮುಕುವ ಈ ಜಲಪಾತವನ್ನು ನೋಡುಗರು ಚಿತ್ರಿಸುವುದೂ ಆಗಲೇ. ಬೇಸಿಗೆಯ ಒಣಬಂಡೆಗೆ ಕ್ಯಾಮೆರಾ ತಿರುಗುವುದು ಅಪರೂಪ. ಹೀಗಾಗಿ ಬರದ ಸೀಮೆಯ ತೊರೆಯು ಚಿತ್ರಗಳಲ್ಲಿ ಮಲೆನಾಡಿನ ಝರಿಯಂತೆ ತೋರುತ್ತದೆ. ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಹಿರೇಹಳ್ಳದ ಹೂಳನ್ನು 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ನೇತೃತ್ವದಲ್ಲಿ ಜನರೇ ಸೇರಿ ತೆಗೆದರು. ಅದಕ್ಕೂ ಮುಂಚಿನ ಹಳ್ಳದ ಪಾತ್ರದ ಸಾಧಾರಣ ಚಿತ್ರವೊಂದು ಯಾರ ಮನೆಯಲ್ಲಿ ಸಿಕ್ಕರೂ ಅದು ಇಂದು ದಾಖಲೆಯೇ ಸರಿ, ಅದರ ಹಿಂಬದಿಯಲ್ಲಿ ಊರು, ತಿಂಗಳು, ವರ್ಷವನ್ನು ಬರೆದಿಟ್ಟಿದ್ದರೆ.