ಕೊರಿಯಾದ ಸಾಂಪ್ರದಾಯಿಕ ಈಟಿಗಳು ಮತ್ತು ಉದ್ದ ಕಾವಿನ ಆಯುಧಗಳು

ಕೊರಿಯಾದ ಸಾಂಪ್ರದಾಯಿಕ ಈಟಿಗಳು ಮತ್ತು ಉದ್ದ ಕಾವಿನ ಆಯುಧಗಳು ಎಂದರೆ ಕೊರಿಯಾ ಪರ್ಯಾಯ ದ್ವೀಪದ ರಾಜ್ಯಗಳು ಪ್ರಾಚೀನ ಕಾಲದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಯುದ್ಧಗಳಲ್ಲಿ ಬಳಸಿದ ಈಟಿ, ಭರ್ಜಿ, ತ್ರಿಶೂಲ ಮತ್ತು ಉದ್ದ ಹಿಡಿಯ ಕತ್ತಿಗಳು. ಕೊರಿಯನ್ ಭಾಷೆಯಲ್ಲಿ ಈಟಿಯನ್ನು ಸಾಮಾನ್ಯವಾಗಿ 'ಚಾಂಗ್' ಎಂದು ಕರೆಯಲಾಗುತ್ತದೆ. ಪ್ರಾಚೀನ ರಾಜ್ಯಗಳ ಕಾಲದಲ್ಲಿ ಪ್ರಮುಖವಾಗಿದ್ದ ಈ ಆಯುಧವು ಜೋಸನ್ ರಾಜವಂಶದ (1392–1910) ಮೊದಲ ಎರಡು ಶತಮಾನಗಳಲ್ಲಿ ಬಿಲ್ವಿದ್ಯೆಯ ಮುಂದೆ ಹಿನ್ನೆಲೆಗೆ ಸರಿಯಿತು. 1592ರ ಜಪಾನಿ ಆಕ್ರಮಣದ ನಂತರ ಕೊರಿಯನ್ನರು ಅದನ್ನು ಚೀನಾದ ಸೈನಿಕರಿಂದ ಹೊಸದಾಗಿ ಕಲಿಯಬೇಕಾಯಿತು. ಹಾಗೆ ಕಲಿತದ್ದನ್ನು ಚಿತ್ರಸಹಿತವಾಗಿ ಗ್ರಂಥಗಳಲ್ಲಿ ದಾಖಲಿಸಿದ ಕಾರಣದಿಂದಲೇ ಆ ವಿದ್ಯೆಯ ವಿವರಗಳು ಇಂದಿಗೂ ಲಭ್ಯವಾಗಿವೆ.

ಪ್ರಾಚೀನ ಕಾಲ

ಕೊರಿಯಾದಲ್ಲಿ ಕಂಚಿನ ಈಟಿಯ ಅಲಗುಗಳು ಮತ್ತು ಅವುಗಳನ್ನು ಎರಕ ಹೊಯ್ಯಲು ಬಳಸಿದ ಕಲ್ಲಿನ ಅಚ್ಚುಗಳು ಉತ್ಖನನಗಳಲ್ಲಿ ದೊರೆತಿವೆ. ಮುಂದೆ ಕಬ್ಬಿಣದ ಬಳಕೆ ಹರಡಿದಂತೆ ಈಟಿಯು ಕಾಲಾಳು ಮತ್ತು ರಾವುತರಿಬ್ಬರ ಆಯುಧವೂ ಆಯಿತು.

ಉತ್ತರದ ಗೊಗುರ್ಯೊ ರಾಜ್ಯದ ಸಮಾಧಿಗಳ ಭಿತ್ತಿಚಿತ್ರಗಳು ಈ ವಿಷಯಕ್ಕೆ ಅತ್ಯುತ್ತಮ ಸಾಕ್ಷ್ಯಗಳಾಗಿವೆ. ಇಂದಿನ ಉತ್ತರ ಕೊರಿಯಾದಲ್ಲಿರುವ, ಕ್ರಿ.ಶ. 357ರ ಬರಹವನ್ನು ಹೊಂದಿರುವ ಆನಾಕ್ ಮೂರನೆಯ ಸಮಾಧಿಯಲ್ಲಿ 250ಕ್ಕೂ ಹೆಚ್ಚು ಜನರಿರುವ ಒಂದು ದೀರ್ಘ ಮೆರವಣಿಗೆಯನ್ನು ಚಿತ್ರಿಸಲಾಗಿದೆ. ಅದರಲ್ಲಿ ಈಟಿ ಮತ್ತು ಗುರಾಣಿ ಹಿಡಿದ ಕಾಲಾಳುಗಳೂ, ಕವಚ ತೊಡಿಸಿದ ಕುದುರೆಗಳನ್ನೇರಿ ಉದ್ದನೆಯ ಭರ್ಜಿ ಹಿಡಿದ ರಾವುತರೂ ಕಾಣಸಿಗುತ್ತಾರೆ.

ಆಗ್ನೇಯ ಭಾಗದ ಸಿಲ್ಲಾ ರಾಜ್ಯವು 672ರಲ್ಲಿ 'ಜಾಂಗ್‌ಚಾಂಗ್‌ದಾಂಗ್', ಅಂದರೆ ನೀಳ ಈಟಿಯ ದಳ, ಎಂಬ ಪ್ರತ್ಯೇಕ ಪಡೆಯನ್ನು ರಚಿಸಿತು. ಆಗ ಸಿಲ್ಲಾ ಚೀನಾದ ಟ್ಯಾಂಗ್ ಸಾಮ್ರಾಜ್ಯದೊಡನೆ ಯುದ್ಧದಲ್ಲಿತ್ತು. 'ಸಾಂಗುಕ್ ಸಾಗಿ' ಎಂಬ ಇತಿಹಾಸ ಗ್ರಂಥದ ಪ್ರಕಾರ, ಅದೇ ವರ್ಷ ಪ್ರತ್ಯೇಕವಾಗಿ ಬೀಡುಬಿಟ್ಟಿದ್ದ ಈ ದಳವು ಮೂರು ಸಾವಿರಕ್ಕೂ ಹೆಚ್ಚು ಟ್ಯಾಂಗ್ ಸೈನಿಕರನ್ನು ಸೆರೆಹಿಡಿಯಿತು. ಅದರ ಕೀರ್ತಿಯನ್ನು ಕಂಡ ಉಳಿದ ದಳಗಳು ತಾವೂ ಪ್ರತ್ಯೇಕವಾಗಿ ಹೋರಾಡಲು ಚದುರಿದವು; ಚದುರಿದ ಸೇನೆಯ ಮೇಲೆ ಶತ್ರುಗಳು ಎರಗಿದ್ದರಿಂದ ಸಿಲ್ಲಾ ಆ ಕದನದಲ್ಲಿ ಸೋತಿತು. 693ರಲ್ಲಿ ಈ ದಳಕ್ಕೆ 'ಬಿಗುಮ್‌ಸೊದಾಂಗ್' ಎಂದು ಮರುನಾಮಕರಣ ಮಾಡಲಾಯಿತು.

ಜೋಸನ್ ಕಾಲದ ಪೂರ್ವಾರ್ಧ

ಜೋಸನ್ ಆಳ್ವಿಕೆಯಲ್ಲಿ ಬಿಲ್ಲು ಸೇನೆಯ ಮುಖ್ಯ ಆಯುಧವಾಯಿತು. 1485ರಲ್ಲಿ ಜಾರಿಗೆ ಬಂದ 'ಗ್ಯೊಂಗ್‌ಗುಕ್ ದೇಜೊನ್' ಎಂಬ ಕಾನೂನು ಸಂಹಿತೆಯು ಸೇನಾಧಿಕಾರಿಗಳ ಆಯ್ಕೆಯ ಪರೀಕ್ಷೆಗೆ ವಿಧಿಸಿದ ಕೌಶಲಗಳಿಂದ ಇದು ಸ್ಪಷ್ಟವಾಗುತ್ತದೆ. ಆರು ಕೌಶಲಗಳಲ್ಲಿ ನಾಲ್ಕು ಬಿಲ್ವಿದ್ಯೆಗೆ ಸೇರಿದವು. ಉಳಿದ ಎರಡು, ಕುದುರೆಯ ಮೇಲಿನಿಂದ ಈಟಿ ಪ್ರಯೋಗ ಮತ್ತು ಕುದುರೆ ಸವಾರರ ಚೆಂಡಾಟ. ಕಾಲಾಳುಗಳ ಈಟಿವಿದ್ಯೆಗೆ ಅಲ್ಲಿ ಸ್ಥಾನವಿರಲಿಲ್ಲ.

1592ರ ಆಘಾತ

1592ರಲ್ಲಿ ಜಪಾನಿನ ಟೊಯೊಟೊಮಿ ಹಿದೆಯೋಶಿಯ ಸೇನೆಗಳು ಬುಸಾನಿನಲ್ಲಿ ಇಳಿದವು. ಅವರ ಬಳಿ ಬತ್ತಿ ಬಂದೂಕುಗಳಿದ್ದವು. ಸಮೀಪದ ಕಾದಾಟಕ್ಕೆ ಉದ್ದ ಈಟಿ ಮತ್ತು ಕತ್ತಿಗಳಲ್ಲಿ ಪಳಗಿದ ಯೋಧರಿದ್ದರು. ಚುಂಗ್‌ಜು ಬಳಿ ಸೇನಾನಿ ಸಿನ್ ರಿಪ್ ನದಿಯನ್ನು ಬೆನ್ನಿಗಿಟ್ಟುಕೊಂಡು ಎದುರಿಸಿದನಾದರೂ ಅವನ ಅಶ್ವದಳ ನಾಶವಾಯಿತು. ಅವನೂ ಅಲ್ಲಿಯೇ ಪ್ರಾಣ ಬಿಟ್ಟನು. ದೂರದಿಂದ ಬಾಣ ಬಿಡುವುದರಲ್ಲಿ ನಿಪುಣರಾಗಿದ್ದ ಕೊರಿಯನ್ ಸೈನಿಕರಿಗೆ ಶತ್ರುವು ಹತ್ತಿರ ಬಂದಾಗ ಹೋರಾಡುವ ತರಬೇತಿ ಸಾಕಷ್ಟಿರಲಿಲ್ಲ.

1593ರ ಆರಂಭದಲ್ಲಿ ಚೀನಾದ ಮಿಂಗ್ ಸೇನೆಯು ಲಿ ರುಸೊಂಗ್‌ನ ನಾಯಕತ್ವದಲ್ಲಿ ಪ್ಯೊಂಗ್‌ಯಾಂಗ್ ನಗರವನ್ನು ಮರಳಿ ಗೆದ್ದಿತು. ಈ ಗೆಲುವಿನ ಗುಟ್ಟನ್ನು ದೊರೆ ಸೊಂಜೊ ಕೇಳಿದಾಗ, ದಿವಂಗತ ಸೇನಾನಿ ಚಿ ಜಿಗುವಾಂಗ್ (1528–1588) ರಚಿಸಿದ 'ಜಿಶಿಯಾವೊ ಶಿನ್‌ಶು' ಗ್ರಂಥದ ಯುದ್ಧಕ್ರಮವೇ ಕಾರಣವೆಂದು ಲಿ ರುಸೊಂಗ್ ಉತ್ತರಿಸಿದನು. ಆದರೆ ಗ್ರಂಥವನ್ನು ತೋರಿಸಲಿಲ್ಲ. ಆಗ ದೊರೆಯು ತನ್ನ ದುಭಾಷಿಗೆ ಆಜ್ಞಾಪಿಸಿ, ಮಿಂಗ್ ಸೈನಿಕರಿಂದ ಅದರ ಪ್ರತಿಯನ್ನು ಗುಟ್ಟಾಗಿ ಕೊಂಡು ತರಿಸಿದನೆಂದು ಕೊರಿಯಾದ ದಾಖಲೆಗಳು ತಿಳಿಸುತ್ತವೆ.

ಅದೇ ವರ್ಷ ಮಂತ್ರಿ ರ್ಯೂ ಸೊಂಗ್‌ರ್ಯೊಂಗ್‌ನ ಪ್ರಯತ್ನದಿಂದ 'ಹುನ್‌ರ್ಯೊನ್ ದೋಗಾಮ್' ಎಂಬ ಸೇನಾ ತರಬೇತಿ ಸಂಸ್ಥೆ ಸ್ಥಾಪನೆಯಾಯಿತು. ಇದರಲ್ಲಿ ಬಂದೂಕುದಾರರು, ಬಿಲ್ಲಾಳುಗಳು ಮತ್ತು 'ಸಾಲ್ಸು' ಎಂದು ಕರೆಯಲಾಗುವ ಸಮೀಪ ಯುದ್ಧದ ಯೋಧರು ಎಂಬ ಮೂರು ವಿಭಾಗಗಳಿದ್ದವು. ಈಟಿ, ತ್ರಿಶೂಲ ಮೊದಲಾದವು ಸಾಲ್ಸುಗಳ ಆಯುಧಗಳಾಗಿದ್ದವು.

ವ್ಯೂಹದಲ್ಲಿ ಆಯುಧಗಳ ಪಾತ್ರ

ಚಿ ಜಿಗುವಾಂಗ್ ರೂಪಿಸಿದ ಸಣ್ಣ ವ್ಯೂಹಕ್ಕೆ ಚೀನಾ ಮತ್ತು ಕೊರಿಯಾಗಳಲ್ಲಿ ಕಂಡುಬರುವ ಒಂದು ಬಗೆಯ ಜೋಡಿ ಬಾತುಕೋಳಿಯ ಹೆಸರಿದೆ. ಇದರಲ್ಲಿ ಹನ್ನೆರಡು ಜನರಿರುತ್ತಿದ್ದರು: ನಾಯಕನೊಬ್ಬ, ಗುರಾಣಿಯವರು ಇಬ್ಬರು, ಕೊಂಬೆಗಳುಳ್ಳ ಈಟಿಯವರು ಇಬ್ಬರು, ನೀಳ ಈಟಿಯವರು ನಾಲ್ವರು, ತ್ರಿಶೂಲದವರು ಇಬ್ಬರು ಮತ್ತು ಅಡುಗೆಯವನೊಬ್ಬ. ಗುರಾಣಿಗಳು ಮುಂಭಾಗವನ್ನು ಕಾಯುತ್ತಿದ್ದವು. ಕೊಂಬೆಯ ಈಟಿಗಳು ಶತ್ರುವಿನ ಕತ್ತಿಯನ್ನು ತಡೆದು ಸಿಕ್ಕಿಸಿಕೊಳ್ಳುತ್ತಿದ್ದವು. ಆ ಕ್ಷಣದಲ್ಲಿ ನೀಳ ಈಟಿಯವರು ಇರಿಯುತ್ತಿದ್ದರು. ಈಟಿಯನ್ನು ದಾಟಿ ಒಳನುಗ್ಗಿದ ಶತ್ರುವನ್ನು ಎದುರಿಸುವ ಹೊಣೆ ತ್ರಿಶೂಲದವರದಾಗಿತ್ತು. ಹೀಗೆ ಒಂದು ಆಯುಧದ ಕೊರತೆಯನ್ನು ಇನ್ನೊಂದು ತುಂಬುತ್ತಿದ್ದುದರಿಂದ, ಕತ್ತಿವರಸೆಯಲ್ಲಿ ನುರಿತ ಎದುರಾಳಿಯ ಮುಂದೆ ಸಾಮಾನ್ಯ ರೈತಾಪಿ ಸೈನಿಕರೂ ನಿಲ್ಲಲು ಸಾಧ್ಯವಾಗುತ್ತಿತ್ತು.

ಗ್ರಂಥಗಳು

ಹಾನ್ ಗ್ಯೊ ಎಂಬ ಅಧಿಕಾರಿಯು ಮಿಂಗ್ ಸೈನಿಕರನ್ನು ವಿಚಾರಿಸಿ, ಅವರ ವರಸೆಗಳನ್ನು ತಿಳಿದುಕೊಂಡು 1598ರಲ್ಲಿ 'ಮುಯೆಜೆಬೊ' ಎಂಬ ಗ್ರಂಥವನ್ನು ಸಂಕಲಿಸಿದನು. ಇದರಲ್ಲಿ ದೊಣ್ಣೆ, ಗುರಾಣಿ, ಕೊಂಬೆಯ ಈಟಿ, ನೀಳ ಈಟಿ, ತ್ರಿಶೂಲ ಮತ್ತು ಎರಡು ಕೈಗಳ ಕತ್ತಿ ಎಂಬ ಆರು ವಿದ್ಯೆಗಳಿದ್ದವು.

1759ರಲ್ಲಿ ಯುವರಾಜ ಸಾದೊ ಹನ್ನೆರಡು ವಿದ್ಯೆಗಳನ್ನು ಸೇರಿಸಿ 'ಮುಯೆಸಿನ್ಬೊ' ಗ್ರಂಥವನ್ನು ಸಿದ್ಧಪಡಿಸಿದನು. 1762ರಲ್ಲಿ ತಂದೆಯ ಆಜ್ಞೆಯಂತೆ ಅಕ್ಕಿಯ ಪೆಟ್ಟಿಗೆಯೊಳಗೆ ಬಂಧಿತನಾಗಿ ಸಾದೊ ಮರಣ ಹೊಂದಿದನು. ಅವನ ಗ್ರಂಥವೂ ಇಂದು ಉಳಿದಿಲ್ಲ. ಆದರೆ ಅವನ ಮಗ ದೊರೆ ಜೊಂಗ್‌ಜೊ, ತಂದೆಯ ಹದಿನೆಂಟು ವಿದ್ಯೆಗಳಿಗೆ ಕುದುರೆಯ ಮೇಲಿನ ಆರು ವಿದ್ಯೆಗಳನ್ನು ಕೂಡಿಸಿ 1790ರಲ್ಲಿ 'ಮುಯೆದೊಬೊತೊಂಗ್‌ಜಿ'ಯನ್ನು ಹೊರತಂದನು. ವಿದ್ವಾಂಸರಾದ ಇ ದೊಕ್‌ಮು ಮತ್ತು ಪಾಕ್ ಜೆಗಾ ಹಾಗೂ ಯೋಧನಾದ ಬೇಕ್ ದೊಂಗ್‌ಸು ಇದರ ಸಂಕಲನಕಾರರು. ಇದರ ಮೊದಲ ಸಂಪುಟದ ಆರು ವಿದ್ಯೆಗಳೂ ಇರಿಯುವ ಆಯುಧಗಳಿಗೇ ಮೀಸಲಾಗಿವೆ. ಪ್ರತಿಯೊಂದು ಭಂಗಿಯನ್ನೂ ಚಿತ್ರದ ಮೂಲಕ ತೋರಿಸಲಾಗಿದೆ.

ಪ್ರಮುಖ ಆಯುಧಗಳು

ಈ ಕೆಳಗಿನ ಅಳತೆಗಳು ಮುಯೆದೊಬೊತೊಂಗ್‌ಜಿಯಲ್ಲಿ ಕೊಟ್ಟಿರುವಂಥವು. 'ಚೊಕ್' ಎಂಬುದು ಉದ್ದದ ಮಾನ. ಜೋಸನ್ ಕಾಲದಲ್ಲಿ ಬೇರೆ ಬೇರೆ ಉದ್ದೇಶಗಳಿಗೆ ಬೇರೆ ಬೇರೆ ಉದ್ದದ ಚೊಕ್‌ಗಳು ಬಳಕೆಯಲ್ಲಿದ್ದುದರಿಂದ ಇವನ್ನು ಇಂದಿನ ಮೀಟರುಗಳಿಗೆ ಪರಿವರ್ತಿಸುವಾಗ ಎಚ್ಚರ ಅಗತ್ಯ.

ಜಾಂಗ್‌ಚಾಂಗ್: 15 ಚೊಕ್ ಉದ್ದದ ನೀಳ ಈಟಿ. ಕಾಲಾಳುಗಳ ಮುಖ್ಯ ಆಯುಧ.

ಜುಕ್‌ಜಾಂಗ್‌ಚಾಂಗ್: 20 ಚೊಕ್ ಉದ್ದದ, ಬಿದಿರಿನ ಕಾವುಳ್ಳ ಈಟಿ. ಇಲ್ಲಿ ಹೇಳಿರುವ ಈಟಿಗಳಲ್ಲಿ ಅತಿ ಉದ್ದವಾದುದು ಇದೇ.

ಗಿಚಾಂಗ್: ಈ ಹೆಸರಿನ ಎರಡು ಆಯುಧಗಳಿವೆ. ಒಂದು, ಬಾವುಟ ಕಟ್ಟಿದ 9 ಚೊಕ್ ಉದ್ದದ ಗಿಡ್ಡ ಈಟಿ. ಇನ್ನೊಂದು, ರಾವುತರ ಈಟಿ. ಕೊರಿಯನ್ ಉಚ್ಚಾರಣೆ ಒಂದೇ ಆದರೂ ಚೀನೀ ಲಿಪಿಯಲ್ಲಿ ಬರೆಯುವ ಅಕ್ಷರಗಳು ಭಿನ್ನ.

ನಾಂಗ್‌ಸೊನ್: ಬಿದಿರಿನ ಅಥವಾ ಕಬ್ಬಿಣದ ಕೊಂಬೆಗಳುಳ್ಳ ಈಟಿ. ಕೊಂಬೆಗಳಿಗೆ ಲೋಹದ ಮುಳ್ಳುಗಳನ್ನು ಜೋಡಿಸಲಾಗುತ್ತಿತ್ತು. ಭಾರವಾದುದರಿಂದ ಬಲಶಾಲಿಗಳಿಗೆ ಮಾತ್ರ ಇದನ್ನು ವಹಿಸಲಾಗುತ್ತಿತ್ತು.

ದಾಂಗ್‌ಪಾ: 7 ಚೊಕ್‌ಗಿಂತ ಸ್ವಲ್ಪ ಹೆಚ್ಚು ಉದ್ದದ ತ್ರಿಶೂಲ. ಇದರ ನಡುವಿನ ಮೊನೆ ಪಕ್ಕದ ಕವಲುಗಳಿಗಿಂತ ಉದ್ದವಾಗಿರುತ್ತದೆ. ಶತ್ರುವಿನ ಆಯುಧವನ್ನು ಕವಲುಗಳ ನಡುವೆ ಹಿಡಿದು ಒತ್ತಲು ಉಪಯುಕ್ತ. ಅಗ್ನಿಬಾಣಗಳನ್ನು ಹಾರಿಸಲು ಆಸರೆಯಾಗಿಯೂ ಬಳಸುತ್ತಿದ್ದರು.

ವೊಲ್ದೊ: ಅರ್ಧಚಂದ್ರದಂತೆ ಬಾಗಿದ ಅಗಲ ಅಲಗನ್ನು ಉದ್ದ ಕಾವಿಗೆ ಜೋಡಿಸಿದ ಆಯುಧ. ಹೆಸರಿನ ಅರ್ಥ 'ಚಂದ್ರಖಡ್ಗ'. ನೆಲದ ಮೇಲೂ ಕುದುರೆಯ ಮೇಲೂ ಬಳಸುವ ಕ್ರಮಗಳಿದ್ದವು.

ಹ್ಯೊಪ್ದೊ: ವೊಲ್ದೊಗಿಂತ ಕಿರಿದಾದ ಅಲಗಿನ ಆಯುಧ. ಕಾವು 7 ಚೊಕ್, ಅಲಗು 3 ಚೊಕ್.

ಅವನತಿ ಮತ್ತು ಇಂದಿನ ಸ್ಥಿತಿ

ಹದಿನೇಳನೆಯ ಶತಮಾನದಿಂದ ಬಂದೂಕುದಾರರ ಸಂಖ್ಯೆ ಹೆಚ್ಚಿದಂತೆ ಸಾಲ್ಸುಗಳ ಪ್ರಾಮುಖ್ಯ ಕಡಿಮೆಯಾಯಿತು. 1894ರ ದೊಂಗ್‌ಹಾಕ್ ರೈತ ದಂಗೆಯಲ್ಲಿ ರೈತರು ಬಿದಿರಿನ ಈಟಿಗಳನ್ನು ಹಿಡಿದರು. ಅದೇ ವರ್ಷದ ಕೊನೆಯಲ್ಲಿ ಗೊಂಗ್‌ಜು ಬಳಿಯ ಉಗುಮ್‌ಚಿ ಕಣಿವೆದಾರಿಯಲ್ಲಿ ಜಪಾನಿ ಮತ್ತು ಸರ್ಕಾರಿ ಪಡೆಗಳ ಆಧುನಿಕ ಬಂದೂಕುಗಳೆದುರು ಅವರು ಅಪಾರ ಪ್ರಾಣಹಾನಿಯೊಡನೆ ಸೋತರು.

ಇಂದು ಕೊರಿಯಾದ ಶಾಮನ್ ಆಚರಣೆಗಳಲ್ಲಿ ತ್ರಿಶೂಲ ಮತ್ತು ಚಂದ್ರಖಡ್ಗಗಳು ಪೂಜಾ ಸಾಧನಗಳಾಗಿ ಉಳಿದಿವೆ. ತ್ರಿಶೂಲದ ಮೇಲೆ ನೈವೇದ್ಯದ ಮಾಂಸವನ್ನು ಇರಿಸಿ ಅದನ್ನು ನೆಟ್ಟಗೆ ನಿಲ್ಲಿಸುವುದು ದೇವತೆಗಳ ಒಪ್ಪಿಗೆಯ ಸೂಚನೆಯೆಂದು ನಂಬಲಾಗಿದೆ. ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ, ಜೊಂಗ್‌ಜೊ ಕಟ್ಟಿಸಿದ ಹ್ವಾಸೊಂಗ್ ಕೋಟೆಯ ಅರಮನೆಯ ಮುಂದೆ ಇಪ್ಪತ್ನಾಲ್ಕು ಯುದ್ಧವಿದ್ಯೆಗಳ ಪ್ರದರ್ಶನ ನಡೆಯುತ್ತದೆ. ಉತ್ತರ ಕೊರಿಯಾ ನಾಮನಿರ್ದೇಶನ ಮಾಡಿದ ಮುಯೆದೊಬೊತೊಂಗ್‌ಜಿಯು 2017ರಲ್ಲಿ ಯುನೆಸ್ಕೋದ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿತು.